ಬಣ್ಣದ ಮಗ್ಗಿ

ಕಪ್ಪು ಸೊನ್ನೆ, ಕಂದು ಒಂದು,
ಕೆಂಪು ಎರಡು, ಕಿತ್ತಳೆ ಮೂರು.
ಎರಡರ ಮಗ್ಗಿಗಿಂತ ಮೊದಲು ನನಗಿದು ಬಾಯಿಗೆ ಬಂತು.
ನಾಲ್ಕು ಕ, ಎರಡು ಹ, ಎರಡು ನ, ಎರಡು ಬ,
ಯಾರೋ ಕನ್ನಡದವರೇ ಕೂತು ಜೋಡಿಸಿದ ಹಾಗೆ:
ಹಳದಿ ಹಸಿರು, ನೀಲಿ ನೇರಳೆ, ಬೂದು ಬಿಳಿ.

ವಿದ್ಯಾರಣ್ಯಪುರಂ. ರೇಷ್ಮೆ ಫ್ಯಾಕ್ಟರಿಯ ಸೈರನ್ನಾದ ಮೇಲೆ
ಬಾಯ್ಲರಿನ ಬೆವರು ತೊಳೆದು ಬಂದು
ಅಡುಗೆಮನೆಯ ಹೊಸಿಲ ಬಳಿ ಅಪ್ಪ ಮಣೆ ಹಾಕುತ್ತಿದ್ದ.
ಮಣೆ ಅವನಿಗಲ್ಲ, ಬೋರ್ಡಿಗೆ.
ಹಲ್ಲುಪುಡಿ ಡಬ್ಬಿಯಲ್ಲಿ ರೆಸಿಸ್ಟರು,
ನಶ್ಯದ ಡಬ್ಬಿಯಲ್ಲಿ ಡಯೋಡು,
ಬೆಸುಗೆಕೋಲು ಕಾಯುವ ತನಕ ಒಂದು ಬೀಡಿ.
ಆಮೇಲೆ ರಾಳದ ಹೊಗೆ, ಸಾರಿನ ಒಗ್ಗರಣೆ,
ಎರಡೂ ಹೋಗಿ ಸೇರುವುದು ಒಂದೇ ಹೆಂಚಿಗೆ.
“ಚಿಕ್ಕತಾಯಿ, ಓದು.”

ಓದುತ್ತಿದ್ದೆ. ಅವನ ಬೆರಳ ನಡುವೆ
ಗೋಧಿಕಾಳಿನಂಥದು, ಸೊಂಟಕ್ಕೆ ಮೂರು ಪಟ್ಟೆ,
ಕೊನೆಗೊಂದು ಚಿನ್ನದ್ದು.
ಪೇಪರಿನ ಟೆಂಡರ್ ಜಾಹೀರಾತೂ ಬಿಡದವನು
ಇದನ್ನೇಕೆ ನನ್ನಿಂದ ಓದಿಸುತ್ತಾನೆಂದು
ಕೇಳಿದಾಗ ನನಗೆ ಒಂಬತ್ತು. ಅಮ್ಮ ಕಣ್ಣಲ್ಲೇ ತಡೆದಳು.

ಅವಳು ಉಟ್ಟಿದ್ದ ಸೀರೆ ಅವನು ರಿಯಾಯಿತಿಯಲ್ಲಿ ತಂದದ್ದು.
“ಒಳ್ಳೇ ವೀಳ್ಯದೆಲೆ ಹಸಿರು” ಅಂದಿದ್ದನಂತೆ.
ಇಟ್ಟಿಗೆ ಬಣ್ಣ.
ಇದ್ದಷ್ಟು ದಿನ ಅಮ್ಮ ಅದನ್ನು ಹಸಿರು ಸೀರೆ ಎಂದೇ ಕರೆದಳು,
ಬೀರುವಿನಿಂದ ತರಿಸುವಾಗಲೂ;
ಪಾಪ, ಚಿಕ್ಕಮ್ಮ ಹುಡುಕಿ ಹುಡುಕಿ ಸೋಲುತ್ತಿದ್ದಳು.

ರೈಲಿಗೆ ಸೇರಲು ಹೋದಾಗ ಯಾವುದೋ ಚುಕ್ಕಿ ಪುಸ್ತಕ ತೋರಿಸಿ
ವಾಪಸು ಕಳಿಸಿದ್ದರಂತೆ. ಚುಕ್ಕಿಗಳ ಒಳಗೆ ಅಂಕಿ ಇತ್ತಂತೆ.
“ಇದ್ದಿರಬಹುದು” ಅನ್ನುತ್ತಿದ್ದ ಅಪ್ಪ, ಅಷ್ಟೇ.

ಏಳನೇ ಕ್ಲಾಸು. ಸ್ಕೂಲ್ ಟೂರಿಗೆ ಹದಿನೆಂಟು ರೂಪಾಯಿ.
ಇಲ್ಲ ಅಂದ. ಅದೇ ಸಂಜೆ
ಶಿವರಾಂಪೇಟೆಯ ಖಾದರ್ ಅಂಗಡಿಯಿಂದ
ಎರಡು ಎಸ್‌ಎಲ್ ನೂರು ತಂದ: ಮೂರು ಕಾಲು, ತಗಡಿನ ಟೋಪಿ,
ಬೆಳಗಿದ ಕುಂಕುಮ ಭರಣಿಯ ಹೊಳಪು.
“ಓದು ತಾಯಿ.”
ಕಂದು, ಕಪ್ಪು, ಕೆಂಪು ಇತ್ತು.
ಕಂದು, ಕಪ್ಪು, ಕಿತ್ತಳೆ ಅಂದೆ.
ಒಂದು ಸಾವಿರ ಓಮು ಹತ್ತು ಸಾವಿರವಾಯಿತು,
ಬರೀ ನಾಲಿಗೆಯಲ್ಲಿ.

ಸ್ಪೀಕರು ಒಮ್ಮೆ ಕೆಮ್ಮಿತು. ಟೋಪಿ ಕಾದು
ಅಪ್ಪನ ತೋರುಬೆರಳು ಚುರ್ರೆಂದಿತು.
ಖಾದರನನ್ನು ಬೈದ: “ಕೊಟ್ಟ ಮಾಲೇ ಸರಿಯಿಲ್ಲ.”
ಬೆರಳಿಗೆ ಜೇನುತುಪ್ಪ ಸವರಿದ್ದು ನಾನೇ.
ಆಮೇಲೆಂದೂ ತಪ್ಪು ಓದಲಿಲ್ಲ.
ಒಪ್ಪಿಕೊಳ್ಳಲೂ ಇಲ್ಲ.

ಈಗ ನನಗೆ ಐವತ್ತೆರಡು. ಹಗಲೆಲ್ಲ ಆಸ್ಪತ್ರೆಯ ಲ್ಯಾಬಿನಲ್ಲಿ
ರಕ್ತದ ಟ್ಯೂಬುಗಳಿಗೆ ಬಣ್ಣದ ಮುಚ್ಚಳ ನೋಡಿ ಜೋಡಿಸುವ ಕೆಲಸ.
ಸಂಜೆ ಅದೇ ಮಣೆ. ಅಪ್ಪನ ಹಳೇ ರೇಡಿಯೊಗೆ
ದನಿ ಸಾಲದೆಂದು ಹೊಸ ಆಂಪ್ಲಿಫೈಯರು.
ಹಳೇ ಡಬ್ಬಿಯ ತಳದಲ್ಲಿ ಉಳಿದಿದ್ದ ಎಸ್‌ಎಲ್ ನೂರನ್ನೇ ಹಾಕಿದ್ದೇನೆ.
ರೆಸಿಸ್ಟರು ಮಾತ್ರ ಈಚಿನದು. ಮೈ ನೀಲಿ, ಪಟ್ಟೆ ಐದು.
ನೀಲಿಯ ಮೇಲೆ ಕಂದು ಯಾವುದು, ಕೆಂಪು ಯಾವುದು?
ಕನ್ನಡಕ ಏರಿಸಿದೆ, ಇಳಿಸಿದೆ,
ಟ್ಯೂಬ್‌ಲೈಟಿಗೆ ಹಿಡಿದೆ, ಮೊಬೈಲಿನ ಬೆಳಕು ಬಿಟ್ಟೆ.
ಎರಡೂ ಒಂದೇ.

“ಕೊಡಿಲ್ಲಿ” ಅಂದ ಅಪ್ಪ.
ಎಂಬತ್ತೊಂದರ ಅಂಗೈಯಲ್ಲಿ ಹೊರಳಿಸಿದ,
ತೊಗರಿಬೇಳೆಯಲ್ಲಿ ಕಲ್ಲು ಹುಡುಕುವವನಂತೆ.
ತೋರುಬೆರಳ ತುದಿಯಲ್ಲಿ ಆ ನುಣುಪು ಕಲೆ ಇನ್ನೂ ಇದೆ.
“ಕಿತ್ತಳೆ” ಅಂದ,
ನನ್ನ ಮುಖ ನೋಡದೆ.

ಮೀಟರು ಮಣೆಯ ಪಕ್ಕದಲ್ಲೇ ಇತ್ತು,
ಮೊನ್ನೆಯಷ್ಟೇ ಸೆಲ್ಲು ಹಾಕಿದ್ದು. ಮುಟ್ಟಲಿಲ್ಲ.
ಕಾಲು ಮಡಿಸಿ, ತೂತಿಗಿಳಿಸಿ, ಬೆಸುಗೆಯ ಹನಿಯಿಟ್ಟೆ.

ಸ್ವಿಚ್ ಹಾಕಿದ್ದೇವೆ.
ತಗಡಿನ ಟೋಪಿಯ ಮೇಲೆ ಅವನದೊಂದು ಬೆರಳು, ನನ್ನದೊಂದು.
ಸ್ಪೀಕರು ಇನ್ನೂ ಕೆಮ್ಮಿಲ್ಲ.